ಐವತ್ತು ಪೈಸೆ ಕಾಣುತ್ತೆ, ಮೂರು ಸಾವಿರ ಕಾಣಲ್ಲ

ಹೋದ ತಿಂಗಳು ಎರಡು ದಿನ ರಜೆ ಸಿಕ್ತು ಅಂತ ಸಾಗರದ ಹತ್ರ ಸೋದರಮಾವನ ಮನೆಗೆ ಹೋಗಿದ್ದೆ. ಅಡಿಕೆ ಕೊಯ್ಲು ಮುಗಿಯೋ ಟೈಮು, ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿದ್ರು, ಮನೆ ಪೂರ್ತಿ ಚೊಗರಿನ ವಾಸನೆ. ಮಧ್ಯಾಹ್ನ ಊಟ ಆದ್ಮೇಲೆ ಮಾವ ಜಗಲಿಯಲ್ಲಿ ಕೂತು ಕವಳ ಹಾಕ್ಕೊಂಡು ಮ್ಯೂಚುವಲ್ ಫಂಡಿನ ಕಾಗದ ಇದ್ದ ಒಂದು ಪ್ಲಾಸ್ಟಿಕ್ ಫೈಲ್ ತಂದು ನನ್ನ ಮುಂದೆ ಇಟ್ರು. ನಾನು ಪಿಯು ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡೋಳು, ಹಾಗಾಗಿ ನಮ್ಮ ಕಡೆಯೋರ ಬ್ಯಾಂಕು, ಎಲ್‌ಐಸಿ, ಫಂಡು ಎಲ್ಲದರ ಕಾಗದ ಸುತ್ತಾಡಿ ನನ್ನ ಹತ್ರನೇ ಬರುತ್ತೆ.

"ಇದೆಂತ ಮಾರಾಯ್ತಿ, ನಾನು ತಿಂಗಳಿಗೆ ಕಟ್ಟೋದು ಹತ್ತು ಸಾವಿರ, ಇವ್ರು ಬರ್ಕೊಳ್ಳೋದು ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ರೂಪಾಯಿ ಐವತ್ತು ಪೈಸೆ. ಪ್ರತಿ ತಿಂಗಳೂ ಐವತ್ತು ಪೈಸೆ ಎಲ್ಲಿಗೆ ಹೋಗ್ತದೆ?"

ಅದು ಸ್ಟ್ಯಾಂಪ್ ಡ್ಯೂಟಿ ಮಾವ, 2020ರ ಜುಲೈ 1ರಿಂದ ಮ್ಯೂಚುವಲ್ ಫಂಡ್ ಯೂನಿಟ್ ಕೊಂಡ್ರೆ 0.005 ಪರ್ಸೆಂಟ್ ಹಿಡೀತಾರೆ, ಹತ್ತು ಸಾವಿರಕ್ಕೆ ಐವತ್ತು ಪೈಸೆ ಅಂದೆ. ಅವರಿಗೆ ಸಮಾಧಾನ ಆಯ್ತು. ಆಮೇಲೆ ಕನ್ನಡಕ ತೆಗೆದು ಒರೆಸ್ತಾ, ಇದು ಬಿಟ್ರೆ ಬೇರೆ ಟ್ಯಾಕ್ಸ್ ಏನೂ ಇಲ್ವಲ್ಲ, ಮಾರಿದಾಗ ಮಾತ್ರ ತಾನೆ ಅಂದ್ರು. ಇಲ್ಲ ಮಾವ, ಜಿಎಸ್‌ಟಿ ಇದೆ, ನಿಮ್ಮ ದುಡ್ಡು ನೋಡ್ಕೊಳ್ಳೋದಕ್ಕೆ ಫಂಡ್ ಕಂಪನಿಯವ್ರು ತಗೊಳ್ಳೋ ಫೀಸ್ ಮೇಲೆ 18 ಪರ್ಸೆಂಟ್, ದಿನಾ ಹೋಗ್ತಾ ಇದೆ ಅಂದೆ.

"ಎಲ್ಲಿದೆ? ತೋರ್ಸು."

ಫೈಲಲ್ಲಿದ್ದ ಇಪ್ಪತ್ತು ಮೂವತ್ತು ಹಾಳೆ ತಿರುವಿ ಹಾಕಿದ್ರೂ ತೋರ್ಸೋಕೆ ಆಗ್ಲಿಲ್ಲ, ಯಾಕಂದ್ರೆ ಅದು ಆ ಹಾಳೆಗಳಲ್ಲಿ ಎಲ್ಲೂ ಇಲ್ಲ. ಮಾವ ಎದ್ದು ಒಳಗೆ ಹೋಗಿ ಸೊಸೈಟಿಯಲ್ಲಿ ಅಡಿಕೆ ಬಿಟ್ಟಾಗ ಕೊಟ್ಟ ಪಟ್ಟಿ ತಂದ್ರು. ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಹಮಾಲಿ ಎಷ್ಟು, ಚೀಲದ ಖರ್ಚು ಎಷ್ಟು, ಕೊನೆಗೆ ಕೈಗೆ ಬಂದದ್ದೆಷ್ಟು, ಸಾಲು ಸಾಲಾಗಿ. ನೋಡು, ಹಮಾಲಿಯ ರೂಪಾಯಿನೂ ಬರೀತಾರೆ, ನಿನ್ನ ಫಂಡಿನೋರು ಯಾಕೆ ಬರಿಯಲ್ಲ ಅಂದ್ರು. ನನ್ನ ಹತ್ರ ಒಳ್ಳೆ ಉತ್ತರ ಇರ್ಲಿಲ್ಲ. ಊರಿಂದ ವಾಪಸ್ ಬಂದ್ಮೇಲೂ ಆ ಪ್ರಶ್ನೆ ತಲೆಯಿಂದ ಹೋಗ್ಲಿಲ್ಲ, ಅದಕ್ಕೇ ಇದನ್ನ ಬರೀತಿರೋದು.

ಮೊದ್ಲು ಇದು ಹೇಗೆ ನಡೆಯುತ್ತೆ ನೋಡೋಣ. ಕಾನೂನಿನ ಪ್ರಕಾರ ಮ್ಯೂಚುವಲ್ ಫಂಡ್ ಅನ್ನೋದು ಒಂದು ಟ್ರಸ್ಟು, ನಮ್ಮೆಲ್ಲರ ದುಡ್ಡು ಇರೋದು ಅದರಲ್ಲಿ. ಆ ದುಡ್ಡನ್ನ ಯಾವ ಶೇರಲ್ಲಿ ಹಾಕ್ಬೇಕು ಯಾವಾಗ ತೆಗೀಬೇಕು ಅಂತ ನೋಡ್ಕೊಳ್ಳೋದು ಇನ್ನೊಂದು ಕಂಪನಿ, ಎಎಮ್‌ಸಿ ಅಂತಾರಲ್ಲ ಅದು. ಎಎಮ್‌ಸಿ ಟ್ರಸ್ಟಿಗೆ ಮಾಡೋ ಈ ಕೆಲಸ ಒಂದು ಸೇವೆ, ಸೇವೆ ಅಂದ್ಮೇಲೆ ಜಿಎಸ್‌ಟಿ, ದರ 18 ಪರ್ಸೆಂಟ್. ಅಂಗಡಿಯವ್ರಾದ್ರೆ ಸಾಮಾನು ತರುವಾಗ ಕಟ್ಟಿದ ಜಿಎಸ್‌ಟಿನ ಮಾರುವಾಗ ವಸೂಲಿ ಮಾಡಿದ ಜಿಎಸ್‌ಟಿಯಲ್ಲಿ ಮುರ್ಕೊಳ್ತಾರೆ, ಅದನ್ನೇ ಇನ್‌ಪುಟ್ ಕ್ರೆಡಿಟ್ ಅನ್ನೋದು. ಫಂಡಿನ ಸ್ಕೀಮ್ ಯಾರಿಗೂ ಏನೂ ಮಾರಲ್ಲ, ಯಾರ ಹತ್ರನೂ ಜಿಎಸ್‌ಟಿ ವಸೂಲಿ ಮಾಡಲ್ಲ, ಹಾಗಾಗಿ ಮುರ್ಕೊಳ್ಳೋಕೆ ಅದಕ್ಕೆ ದಾರಿನೇ ಇಲ್ಲ. ತೆರಿಗೆ ಅಲ್ಲೇ ನಿಲ್ಲುತ್ತೆ, ಅಂದ್ರೆ ಯೂನಿಟ್ ಇಟ್ಕೊಂಡಿರೋ ನಮ್ಮ ತಲೆ ಮೇಲೆ. ಚಿಲ್ಲರೆ ಅಂಗಡಿಯಲ್ಲಿ ಸೋಪು ಕೊಳ್ಳೋನು ಹೇಗೆ ಕೊನೇ ಗಿರಾಕಿನೋ ಇಲ್ಲಿ ನಾವೇ ಆ ಕೊನೇ ಗಿರಾಕಿ, ವ್ಯತ್ಯಾಸ ಏನಂದ್ರೆ ಸೋಪಿಗೆ ಬಿಲ್ ಇರುತ್ತೆ.

ಇದು ವರ್ಷದ ಕೊನೆಗೆ ಒಂದೇ ಸಲ ಹೋಗೋದೂ ಅಲ್ಲ. ವರ್ಷದ ಖರ್ಚನ್ನ 365 ಭಾಗ ಮಾಡಿ ದಿನಾ ಒಂದು ಭಾಗ ಫಂಡಿನ ಆಸ್ತಿಯಿಂದ ಕಳೆದು ಆಮೇಲೆ ಒಂದು ಯೂನಿಟ್ಟಿನ ಅವತ್ತಿನ ಬೆಲೆ, ಅಂದ್ರೆ ಎನ್‌ಎವಿ ಹಾಕ್ತಾರೆ, ಭಾನುವಾರದ್ದೂ ಸೇರಿ. ನಾವು ರಾತ್ರಿ ಮೊಬೈಲಲ್ಲಿ ನೋಡೋ ಎನ್‌ಎವಿ ಆಗಲೇ ಫೀಸು, ಫೀಸಿನ ಮೇಲಿನ ಜಿಎಸ್‌ಟಿ ಎರಡೂ ಕಳೆದದ್ದು. ಹಾಗಾಗಿ ನಮಗೆ ದುಡ್ಡು ಹೋದ ಹಾಗೆ ಅನ್ಸೋದೇ ಇಲ್ಲ, ಕೊಳವೆಯಲ್ಲಿ ಸಣ್ಣ ತೂತು ಇದ್ರೆ ಟ್ಯಾಂಕಿ ತುಂಬೋದು ನಿಧಾನ ಆಗುತ್ತೆ ಅಷ್ಟೇ, ಯಾರೂ ನೀರು ಕದ್ದ ಹಾಗೆ ಕಾಣಲ್ಲ.

ಸರಿ, ಮಾವನ ಲೆಕ್ಕಕ್ಕೆ ಬರೋಣ. ಪ್ರತಿ ಎಎಮ್‌ಸಿನೂ ತನ್ನ ಪ್ರತಿ ಸ್ಕೀಮಿನ ಖರ್ಚಿನ ಪಟ್ಟಿಯನ್ನ ವೆಬ್‌ಸೈಟಲ್ಲಿ ಹಾಕ್ಬೇಕು, ಟಿಇಆರ್ ಅಂದ್ರೆ ಟೋಟಲ್ ಎಕ್ಸ್‌ಪೆನ್ಸ್ ರೇಶಿಯೋ ಅಂತ ಹುಡುಕಿದ್ರೆ ಎಕ್ಸೆಲ್ ಶೀಟ್ ಸಿಗುತ್ತೆ. ದಿನಕ್ಕೊಂದು ಸಾಲು, ಬ್ಯಾಂಕು ಏಜೆಂಟರ ಮೂಲಕ ಕೊಳ್ಳೋ ರೆಗ್ಯುಲರ್ ಪ್ಲಾನಿಗೆ ಒಂದಷ್ಟು ಕಾಲಮ್ಮು, ನೇರ ಕಂಪನಿಯಿಂದಲೇ ಕೊಳ್ಳೋ ಡೈರೆಕ್ಟ್ ಪ್ಲಾನಿಗೆ ಒಂದಷ್ಟು. ನಾನು ನೋಡಿದಾಗ ಬೇಸ್ ಖರ್ಚು ಒಂದು ಕಾಲಮ್ಮು, ಶೇರು ಮಾರ್ಕೆಟ್ಟು ಫಂಡುಗಳನ್ನ ನಿಯಂತ್ರಿಸೋ ಸೆಬಿಯ ನಿಯಮದ ನಂಬರ್ ಹಾಕಿರೋ ಎರಡು ಕಾಲಮ್ಮು, ಅದರ ಪಕ್ಕ ಜಿಎಸ್‌ಟಿ, ಕೊನೆಗೆ ಟೋಟಲ್. ಮಾವನ ಸ್ಕೀಮಿನ ಸಾಲಲ್ಲಿ ರೆಗ್ಯುಲರ್ ಬೇಸ್ 1.62, ಜಿಎಸ್‌ಟಿ 0.12, ಟೋಟಲ್ 1.74 ಇತ್ತು. ಡೈರೆಕ್ಟ್ ಬೇಸ್ 0.78, ಜಿಎಸ್‌ಟಿ ಅದೇ 0.12, ಟೋಟಲ್ 0.90.

ಜಿಎಸ್‌ಟಿ ಎರಡು ಕಡೆನೂ 0.12 ಇದೆ ನೋಡಿ. ಡೈರೆಕ್ಟ್‌ಗೆ ಹೋದ್ರೆ ಜಿಎಸ್‌ಟಿ ಕಮ್ಮಿ ಆಗುತ್ತೆ ಅಂತ ನಾನೂ ಅಂದ್ಕೊಂಡಿದ್ದೆ, ಆ ಕಾಲಮ್ಮಲ್ಲಿ ಕಮ್ಮಿ ಆಗಿರ್ಲಿಲ್ಲ. ಯಾಕಂದ್ರೆ ಆ ಕಾಲಮ್ಮಲ್ಲಿ ಆಗ ಇದ್ದದ್ದು ಎಎಮ್‌ಸಿಯ ಮ್ಯಾನೇಜ್‌ಮೆಂಟ್ ಫೀಸ್ ಮೇಲಿನ ಜಿಎಸ್‌ಟಿ ಮಾತ್ರ, ಎರಡು ಪ್ಲಾನಿಗೂ ಒಬ್ರೇ ಮ್ಯಾನೇಜರು, ಒಂದೇ ಫೀಸು. 0.12ನ 18 ಪರ್ಸೆಂಟಿಂದ ಹಿಂದಕ್ಕೆ ಲೆಕ್ಕ ಹಾಕಿದ್ರೆ ಫೀಸು ಸುಮಾರು 0.67 ಪರ್ಸೆಂಟು ಅಂತ ಗೊತ್ತಾಗುತ್ತೆ. ಹಾಗಾದ್ರೆ ರೆಗ್ಯುಲರಿಗೂ ಡೈರೆಕ್ಟಿಗೂ ನಡುವಿನ 0.84 ಏನು ಅಂದ್ರೆ ಅದು ವಿತರಕರ ಕಮಿಷನ್ನು, ಮಾವನ ವಿಷಯದಲ್ಲಿ ಫಾರ್ಮ್ ತುಂಬಿಸಿಕೊಂಡ ಬ್ಯಾಂಕಿಗೆ ಹೋಗೋದು. ಬ್ಯಾಂಕು ಜಿಎಸ್‌ಟಿ ನೋಂದಣಿ ಇರೋ ಸಂಸ್ಥೆ, ಅದರ ಕಮಿಷನ್ ಮೇಲೂ 18 ಪರ್ಸೆಂಟ್ ಇದೆ, ಆದ್ರೆ ಆ ಜಿಎಸ್‌ಟಿ 2026ರ ಮಾರ್ಚ್ ತನಕದ ನಿಯಮದಲ್ಲಿ ಬೇರೆ ಕಾಲಮ್ಮಲ್ಲಿ ಬರ್ತಿರ್ಲಿಲ್ಲ, ಬೇಸ್ ಖರ್ಚಿನ ಹೊಟ್ಟೆಯೊಳಗೇ ಇರ್ತಿತ್ತು. 0.84ನ ಬಿಡಿಸಿದ್ರೆ ಕಮಿಷನ್ ಸುಮಾರು 0.71, ಅದರ ಮೇಲಿನ ಜಿಎಸ್‌ಟಿ ಸುಮಾರು 0.13.

ಮಾವನ ದುಡ್ಡು ಈಗ ಹತ್ತಿರ ಹತ್ತಿರ 12 ಲಕ್ಷ ಇದೆ. ಮ್ಯಾನೇಜ್‌ಮೆಂಟ್ ಫೀಸಿನ ಜಿಎಸ್‌ಟಿ ವರ್ಷಕ್ಕೆ 1,440 ರೂಪಾಯಿ. ಕಮಿಷನ್ನಿನ ಜಿಎಸ್‌ಟಿ ಇನ್ನೊಂದು 1,537. ಎರಡೂ ಸೇರಿ 2,977. ಸ್ಟೇಟ್‌ಮೆಂಟಲ್ಲಿ ಕಾಣೋ ಸ್ಟ್ಯಾಂಪ್ ಡ್ಯೂಟಿ ವರ್ಷಕ್ಕೆ ಆರು ರೂಪಾಯಿ, ಕಾಣದೇ ಇರೋದು ಮೂರು ಸಾವಿರ. ಮಾವ ಕೇಳಿದ್ದು ಆರು ರೂಪಾಯಿ ಬಗ್ಗೆ, ಯಾಕಂದ್ರೆ ಅವರಿಗೆ ತೋರ್ಸಿದ್ದು ಅದೊಂದೇ.

ಮೂರು ಸಾವಿರ ದೊಡ್ಡದಾ ಅಂತ ಕೇಳೋರು ಇರ್ತಾರೆ, 12 ಲಕ್ಷಕ್ಕೆ ಕಾಲು ಪರ್ಸೆಂಟು ತಾನೆ ಅಂತ. ನನಗೆ ಕಾಡೋದು ಮೊತ್ತಕ್ಕಿಂತ ಅದು ಯಾವುದರ ಮೇಲೆ ಬೀಳುತ್ತೆ ಅನ್ನೋದು. ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಇದೆಯಲ್ಲ, ಅದು ಲಾಭ ಬಂದ್ರೆ, ಅದೂ ಮಾರಿದ್ರೆ ಮಾತ್ರ, ಶೇರಲ್ಲಿ ದುಡ್ಡು ಹಾಕೋ ಇಕ್ವಿಟಿ ಫಂಡಲ್ಲಿ ಒಂದು ವರ್ಷ ದಾಟಿದ್ರೆ ವರ್ಷಕ್ಕೆ 1.25 ಲಕ್ಷದ ತನಕ ಲಾಭಕ್ಕೆ ವಿನಾಯಿತಿ, ಅದರ ಮೇಲೆ 12.5 ಪರ್ಸೆಂಟ್. ಫೀಸ್ ಮೇಲಿನ ಜಿಎಸ್‌ಟಿಗೆ ಲಾಭ ನಷ್ಟ ಗೊತ್ತಿಲ್ಲ. ಫೀಸು ಬೀಳೋದು ಇಡೀ ಗಂಟಿನ ಮೇಲೆ, ಹಾಗಾಗಿ ಅದರ ತೆರಿಗೆನೂ ಇಡೀ ಗಂಟಿನ ಮೇಲೆ ಬಿದ್ದ ಹಾಗೇ ಆಯ್ತು, ಅಸಲಿನ ಮೇಲೂ. 2020ರ ಮಾರ್ಚಲ್ಲಿ ಮಾರ್ಕೆಟ್ ದಿನಾ ಬೀಳ್ತಿದ್ದಾಗ, ಎಷ್ಟೋ ಜನ ರಾತ್ರಿ ನಿದ್ದೆ ಮಾಡದೇ ಇದ್ದಾಗಲೂ ಅವತ್ತಿನ ಫೀಸು, ಅವತ್ತಿನ ಜಿಎಸ್‌ಟಿ ಕಳೆದೇ ಎನ್‌ಎವಿ ಬಂತು. ವಿನಾಯಿತಿ ಮಿತಿ ಅನ್ನೋದೂ ಇಲ್ಲ, ತಿಂಗಳಿಗೆ ಐನೂರು ರೂಪಾಯಿ ಎಸ್‌ಐಪಿ ಕಟ್ಟೋ ನಮ್ಮ ಕಾಲೇಜಿನ ಅಟೆಂಡರ್ ಅಕ್ಕನಿಗೂ ಐದು ಕೋಟಿ ಹಾಕಿರೋರಿಗೂ ಅದೇ 18.

ಹದಿನಾರಾಣೆ ಸರಿ ಇರಬೇಕು ಅಂದ್ರೆ ಇನ್ನೊಂದು ಮಾತೂ ಹೇಳ್ಬೇಕು, ಈ ಖರ್ಚು ಎನ್‌ಎವಿಗೆ ಮುಂಚೆನೇ ಕಳೆದು ಹೋಗೋದ್ರಿಂದ ಅಷ್ಟು ಲಾಭ ಕಮ್ಮಿ ತೋರುತ್ತೆ, ಅದರ ಮೇಲೆ ಕ್ಯಾಪಿಟಲ್ ಗೇನ್ಸ್ ಕಟ್ಟೋದು ತಪ್ಪುತ್ತೆ. ಆದ್ರೆ ನೂರು ರೂಪಾಯಿ ಹೋಗಿದ್ದಕ್ಕೆ ಹನ್ನೆರಡೂವರೆ ಉಳೀತು ಅಂದ ಹಾಗೆ ಅದು.

ಉದ್ದ ಕಾಲಕ್ಕೆ ಎಷ್ಟಾಗುತ್ತೆ ಅಂತ ಒಂದು ಲೆಕ್ಕ ಹಾಕಿದೆ. ತಿಂಗಳಿಗೆ 10,000 ಎಸ್‌ಐಪಿ, 20 ವರ್ಷ, ಅಂದ್ರೆ ನಾವು ಕಟ್ಟೋದು 24 ಲಕ್ಷ. ಖರ್ಚು ಏನೂ ಇಲ್ಲದೇ ವರ್ಷಕ್ಕೆ 12 ಪರ್ಸೆಂಟ್ ಬೆಳೆಯುತ್ತೆ ಅಂತ ಲೆಕ್ಕಕ್ಕೆ ಮಾತ್ರ ಇಟ್ಕೊಳ್ಳಿ, ಬರುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಆಗ ಸುಮಾರು 91 ಲಕ್ಷ ಆಗುತ್ತೆ. 1 ಪರ್ಸೆಂಟ್ ಫೀಸ್ ತೆಗೆದು 11 ಪರ್ಸೆಂಟ್ ಅಂದ್ರೆ ಸುಮಾರು 80.85 ಲಕ್ಷ. ಆ ಫೀಸಿನ ಮೇಲೆ 0.18 ಜಿಎಸ್‌ಟಿ ಸೇರಿಸಿದ್ರೆ ಸುಮಾರು 79.15 ಲಕ್ಷ. ಬರೀ ಜಿಎಸ್‌ಟಿಯಿಂದ 1.7 ಲಕ್ಷ ಕಮ್ಮಿ. ಹದಿನೇಳು ತಿಂಗಳ ಕಂತು ಅದು, ಒಂದು ವರ್ಷ ಐದು ತಿಂಗಳು ಹೊಟ್ಟೆ ಬಟ್ಟೆ ಕಟ್ಟಿ ಹಾಕಿದ ದುಡ್ಡು. ಸರ್ಕಾರಕ್ಕೆ ಅಷ್ಟೂ ಹೋಗಿರಲ್ಲ, ಹೋದ ಸ್ವಲ್ಪ ಸ್ವಲ್ಪ ದುಡ್ಡು ನಮ್ಮ ಹತ್ರನೇ ಇದ್ದು ಬೆಳೆದಿದ್ರೆ ಆಗ್ತಿದ್ದ ಮೊತ್ತ ಇದು. ಕಳ್ಕೊಳ್ಳೋರಿಗೆ ಮಾತ್ರ ಎರಡೂ ಒಂದೇ. ದೊಡ್ಡ ಪಾಲು ಫೀಸಿನದ್ದೇ, ಹತ್ತು ಲಕ್ಷ ಮೀರಿ, ಅದನ್ನೂ ಮುಚ್ಚಿಡಬಾರದು.

ಇದು ಯಾವಾಗ ಶುರುವಾಯ್ತು ಅಂದ್ರೆ ಜಿಎಸ್‌ಟಿಗಿಂತ ಹಳೇದು. ಮೊದ್ಲು ಸರ್ವಿಸ್ ಟ್ಯಾಕ್ಸ್ ಇತ್ತು, ಮತ್ತು ಸೆಬಿ ಹಾಕಿದ್ದ ಖರ್ಚಿನ ಮಿತಿಯೊಳಗೇ ಎಎಮ್‌ಸಿಗಳು ಅದನ್ನೂ ಹೊಂದಿಸ್ಕೋಬೇಕಿತ್ತು. 2012ರ ಸೆಪ್ಟೆಂಬರಲ್ಲಿ ಸೆಬಿ ನಿಯಮ ಬದಲಾಯಿಸ್ತು, ಮ್ಯಾನೇಜ್‌ಮೆಂಟ್ ಫೀಸಿನ ಮೇಲಿನ ತೆರಿಗೆಯನ್ನ ಮಿತಿಯ ಹೊರಗೆ, ಮೇಲಿಂದ ಹಾಕ್ಕೋಬಹುದು ಅಂತ. ಡೈರೆಕ್ಟ್ ಪ್ಲಾನ್ ತಂದಿದ್ದೂ ಅದೇ ಸುತ್ತೋಲೆ, 2013ರ ಜನವರಿ 1ರಿಂದ, ಅದು ಹೂಡಿಕೆದಾರರಿಗೆ ಆದ ದೊಡ್ಡ ಉಪಕಾರ. ಆದ್ರೆ ತೆರಿಗೆ ಮಿತಿಯಿಂದ ಹೊರಗೆ ಬಂದ ದಿನದಿಂದ ಸರ್ಕಾರ ದರ ಏರಿಸಿದಾಗಲೆಲ್ಲ ಅದು ನೇರ ನಮ್ಮ ಮೇಲೇ ಬಂತು, ನಡುವೆ ತಡೆಯೋರು ಯಾರೂ ಇಲ್ಲ. 10,000 ರೂಪಾಯಿ ಫೀಸಿಗೆ ಆಗ 12.36 ಪರ್ಸೆಂಟ್ ಲೆಕ್ಕದಲ್ಲಿ 1,236. 2015ರ ಜೂನಲ್ಲಿ 14 ಆಯ್ತು, 1,400. ಅದೇ ನವೆಂಬರಲ್ಲಿ ಸ್ವಚ್ಛ ಭಾರತ ಸೆಸ್, 1,450. 2016ರ ಜೂನಲ್ಲಿ ಕೃಷಿ ಕಲ್ಯಾಣ ಸೆಸ್, 1,500. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು 1,800. ಅದೇ ಕೆಲಸ, ಅದೇ ಫೀಸು, ಐದು ವರ್ಷದೊಳಗೆ ತೆರಿಗೆ ಹೆಚ್ಚುಕಮ್ಮಿ ಒಂದೂವರೆ ಪಟ್ಟು, ನಮ್ಮ ಮನೆಗೆ ಒಂದು ಕಾಗದನೂ ಬರ್ಲಿಲ್ಲ.

ನಮ್ಮಲ್ಲಿ ಮಾತ್ರ ಅಂತಲ್ಲ. ಚಿಕ್ಕಮ್ಮನ ಮಗ ಕೆನಡಾದ ಒಂಟಾರಿಯೋದಲ್ಲಿದ್ದಾನೆ, ಅಲ್ಲೂ 2010ರ ಜುಲೈಯಿಂದ ನಮ್ಮ ಜಿಎಸ್‌ಟಿ ಥರದ ಎಚ್‌ಎಸ್‌ಟಿ 13 ಪರ್ಸೆಂಟ್, ಫಂಡ್ ಫೀಸಿನ ಮೇಲೂ ಬೀಳುತ್ತೆ, ಫಂಡಿಗೆ ವಾಪಸ್ ಸಿಗಲ್ಲ. ಫೋನಲ್ಲಿ ಕೇಳಿದ್ರೆ ಅವನಿಗೂ ತಾನು ವರ್ಷಕ್ಕೆ ಎಷ್ಟು ಕಟ್ತಿದ್ದೀನಿ ಅಂತ ಗೊತ್ತಿರ್ಲಿಲ್ಲ.

ನನಗೆ ನಿಜವಾಗಿ ಬೇಜಾರಾಗೋದು ಪಕ್ಕದ ಮನೆಗೆ ಇರೋ ನ್ಯಾಯ ನೋಡಿದಾಗ. ಮಾವ ಅದೇ 12 ಲಕ್ಷನ ಎಫ್‌ಡಿ ಇಟ್ಟಿದ್ರೆ ಬ್ಯಾಂಕು ಅವರಿಗೆ ಒಂದು ಬಡ್ಡಿ ಕೊಟ್ಟು ಅದೇ ದುಡ್ಡನ್ನ ಹೆಚ್ಚಿನ ಬಡ್ಡಿಗೆ ಸಾಲ ಕೊಟ್ಟು ನಡುವಿನ ವ್ಯತ್ಯಾಸ ಇಟ್ಕೊಳ್ಳುತ್ತೆ, ಅದು ಬ್ಯಾಂಕಿನ ಫೀಸ್ ಇದ್ದ ಹಾಗೇ, ಆದ್ರೆ ಬಡ್ಡಿಗೆ ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳು ತಗೊಳ್ಳೋ ಲೈಫ್ ಇನ್ಶೂರೆನ್ಸಿಗೂ ಹೆಲ್ತ್ ಇನ್ಶೂರೆನ್ಸಿಗೂ ಜಿಎಸ್‌ಟಿ ಪೂರ್ತಿ ತೆಗೆದ್ರು, ಅದು ಒಳ್ಳೇದೇ ಆಯ್ತು, ಯುಲಿಪ್ ಕೂಡ ಅದರಲ್ಲಿ ಸೇರಿದೆ. ಯುಲಿಪ್ ಅಂದ್ರೆ ಇನ್ಶೂರೆನ್ಸ್ ಜೊತೆ ಮಾರ್ಕೆಟಲ್ಲಿ ಹೂಡಿಕೆ. ಅಲ್ಲೂ ಒಬ್ಬ ಮ್ಯಾನೇಜರು ನಮ್ಮ ದುಡ್ಡನ್ನ ಶೇರಲ್ಲಿ ಹಾಕ್ತಾನೆ, ಅಲ್ಲೂ ಫಂಡ್ ಮ್ಯಾನೇಜ್‌ಮೆಂಟ್ ಚಾರ್ಜ್ ಇದೆ, ಗರಿಷ್ಠ 1.35 ಪರ್ಸೆಂಟು. ಅದಕ್ಕೆ ಈಗ ಜಿಎಸ್‌ಟಿ ಸೊನ್ನೆ, ಮ್ಯೂಚುವಲ್ ಫಂಡಿನ ಫೀಸಿಗೆ 18. ಹಾಗಂತ ಯುಲಿಪ್ ತಗೊಳ್ಳಿ ಅಂತ ನಾನು ಹೇಳ್ತಿಲ್ಲ, ಅದರಲ್ಲಿ ಬೇರೆ ಬೇರೆ ಚಾರ್ಜ್ ಇದೆ, ಐದು ವರ್ಷ ದುಡ್ಡು ತೆಗೆಯೋ ಹಾಗಿಲ್ಲ. ಆದ್ರೆ ಒಂದೇ ಥರದ ಕೆಲಸಕ್ಕೆ ಒಂದು ಕಡೆ ಸೊನ್ನೆ ಇನ್ನೊಂದು ಕಡೆ ಹದಿನೆಂಟು ಯಾಕೆ ಅನ್ನೋದಕ್ಕೆ ನನಗೆ ಒಪ್ಪೋ ಅಂಥ ಕಾರಣ ಇನ್ನೂ ಸಿಕ್ಕಿಲ್ಲ. ನಿವೃತ್ತಿಗೆ ಅಂತ ಕೂಡಿಡೋ ದುಡ್ಡು ಇದು, ಚೈನಿಯ ಸಾಮಾನಲ್ಲ. ಕನಿಷ್ಠ 5ರ ಸ್ಲ್ಯಾಬಿಗೆ ತರ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

2026ರ ಏಪ್ರಿಲ್ 1ರಿಂದ ಸೆಬಿಯ ಹೊಸ ಮ್ಯೂಚುವಲ್ ಫಂಡ್ ನಿಯಮ ಜಾರಿ. ಖರ್ಚಿನ ಮಿತಿಗೆ ಆಗಿಂದ ಬೇಸ್ ಎಕ್ಸ್‌ಪೆನ್ಸ್ ರೇಶಿಯೋ ಅಂತ ಹೆಸರು, ಜಿಎಸ್‌ಟಿ, ಸ್ಟ್ಯಾಂಪ್ ಡ್ಯೂಟಿ, ಶೇರು ಕೊಂಡು ಮಾರಿದಾಗ ಬೀಳೋ ಎಸ್‌ಟಿಟಿ ಇಂಥ ಸರ್ಕಾರಿ ತೆರಿಗೆಗಳೆಲ್ಲ ಅದರ ಹೊರಗೆ, ಬೇರೆಯಾಗಿ. ಇಕ್ವಿಟಿ ಫಂಡಿನ ಮೊದಲ 500 ಕೋಟಿ ಆಸ್ತಿಗೆ ಖರ್ಚಿನ ಮಿತಿ 2.25 ಪರ್ಸೆಂಟಿಂದ 2.10ಕ್ಕೆ, ನಿಫ್ಟಿ ಸೆನ್ಸೆಕ್ಸಿನಂಥ ಸೂಚ್ಯಂಕನೇ ಅನುಸರಿಸೋ ಇಂಡೆಕ್ಸ್ ಫಂಡು ಇಟಿಎಫ್‌ಗೆ 1ರಿಂದ 0.90ಕ್ಕೆ ಇಳಿದಿದೆ, ಶೇರು ಕೊಂಡು ಮಾರೋ ಬ್ರೋಕರೇಜಿನ ಮಿತಿನೂ 0.12ರಿಂದ 0.06ಕ್ಕೆ. ಖರ್ಚು ಇಳೀತು ಅಂತ ಎಲ್ಲರೂ ಖುಷಿ ಪಡ್ತಿದ್ದಾರೆ. ಸ್ವಲ್ಪ ಇಳಿದಿರೋದು ನಿಜ, ಆದ್ರೆ ಇಳಿದಿದ್ದರಲ್ಲಿ ಒಂದು ಪಾಲು ಬರೀ ಜಾಗ ಬದಲಾಯಿಸಿರೋದು, ಯಾಕಂದ್ರೆ ಅಲ್ಲಿ ತನಕ ಮಿತಿಯೊಳಗೆ ಇದ್ದ ಕಮಿಷನ್ನಿನ ಜಿಎಸ್‌ಟಿ, ಹೂಡಿಕೆದಾರರ ಲೆಕ್ಕ ಇಡೋ ರಿಜಿಸ್ಟ್ರಾರ್ ಖರ್ಚಿನ ಜಿಎಸ್‌ಟಿ ಈಗ ಹೊರಗೆ ಬರುತ್ತೆ. ಹಾಗಾಗಿ ಹೊಸ ನಿಯಮದಲ್ಲಿ ಎರಡು ಫಂಡ್ ಹೋಲಿಸುವಾಗ ಬೇಸ್ ನಂಬರ್ ನೋಡಿ ಮೋಸ ಹೋಗ್ಬೇಡಿ, ಟೋಟಲ್ ನೋಡಿ. ನನಗೆ ಈ ಬದಲಾವಣೆ ಇಷ್ಟನೇ, ತೆರಿಗೆ ಬೇರೆ ಫೀಸು ಬೇರೆ ಅಂತ ಕಾಣಬೇಕು. ಸರ್ಕಾರ ನಾಳೆ ದರ ಇಳಿಸಿದ್ರೆ ಅದರ ಲಾಭನೂ ಎಎಮ್‌ಸಿ ಜೇಬಿಗೆ ಹೋಗದೇ ನೇರ ನಮಗೇ ಬರುತ್ತೆ, ಏರಿಸಿದ್ರೆ ಪೂರ್ತಿ ಏಟೂ ನಮಗೇ.

ಆದ್ರೂ ಇದೆಲ್ಲ ಪರ್ಸೆಂಟಲ್ಲೇ ಇದೆ. ಪರ್ಸೆಂಟ್ ಓದಿ ರೂಪಾಯಿ ಮಾಡ್ಕೊಳ್ಳೋಕೆ ಎಲ್ಲರಿಗೂ ಬರಲ್ಲ. ವಿತರಕರಿಗೆ ಹೋದ ಕಮಿಷನ್ ಆರು ತಿಂಗಳಿಗೊಮ್ಮೆ ಬರೋ ಸ್ಟೇಟ್‌ಮೆಂಟಲ್ಲಿ ರೂಪಾಯಿಯಲ್ಲೇ ಬರುತ್ತೆ, ಮಾವನ ಫೈಲಲ್ಲೂ ಇತ್ತು, ಯಾರೂ ಅವರಿಗೆ ಅದರ ಅರ್ಥ ಹೇಳಿರ್ಲಿಲ್ಲ ಅಷ್ಟೇ. ಕಮಿಷನ್ನು ರೂಪಾಯಿಯಲ್ಲಿ ತೋರಿಸೋಕೆ ಆಗುತ್ತೆ ಅಂದ್ರೆ ಫೀಸು, ಜಿಎಸ್‌ಟಿನೂ ತೋರಿಸಬಹುದು, ಪ್ರತಿ ದಿನ ಪ್ರತಿ ಫೋಲಿಯೋದಲ್ಲಿ, ಅಂದ್ರೆ ಫಂಡ್ ಖಾತೆಯಲ್ಲಿ, ಎಷ್ಟು ಯೂನಿಟ್ ಇದೆ ಅಂತ ಕಂಪ್ಯೂಟರಿಗೆ ಗೊತ್ತೇ ಇದೆ.

ಮಾವ ಏನು ಮಾಡ್ಬೇಕು ಅಂತ ಕೇಳಿದ್ರು. ಒಂದೇ ಸಲ ಡೈರೆಕ್ಟ್‌ಗೆ ಬದಲಾಯಿಸ್ಬೇಡಿ, ಸ್ವಿಚ್ ಅಂದ್ರೂ ಕಾನೂನಿನ ಲೆಕ್ಕಕ್ಕೆ ಅದು ಮಾರಿ ಕೊಂಡ ಹಾಗೇ, ವರ್ಷಕ್ಕೆ 1.25 ಲಕ್ಷ ಲಾಭದೊಳಗೆ ಎಷ್ಟು ಯೂನಿಟ್ ಬರುತ್ತೋ ಅಷ್ಟು ಮಾತ್ರ, ಮಾರ್ಚ್ ಮುಗಿಯೋದ್ರೊಳಗೆ ಒಂದಷ್ಟು ಏಪ್ರಿಲಲ್ಲಿ ಇನ್ನೊಂದಷ್ಟು ಮಾಡೋಣ ಅಂದೆ. ಈಚೆಗೆ ಕಟ್ಟಿದ ಕಂತುಗಳಿಗೆ ವರ್ಷ ಆಗದೇ ಇದ್ರೆ ಬೇಗ ತೆಗೆದಿದ್ದಕ್ಕೆ ಎಕ್ಸಿಟ್ ಲೋಡ್ ಅನ್ನೋ ಚಾರ್ಜ್ ಬೀಳಬಹುದು, ಅವನ್ನ ಬಿಟ್ವಿ. ಹೊಸ ಎಸ್‌ಐಪಿ ಮಾತ್ರ ಕಮ್ಮಿ ಫೀಸಿನ ಇಂಡೆಕ್ಸ್ ಫಂಡಿಗೆ ಹಾಕಿಸಿದೆ, ಯಾಕಂದ್ರೆ ಜಿಎಸ್‌ಟಿ ದರ ನಮ್ಮ ಕೈಲಿಲ್ಲ, ಯಾವ ಫೀಸಿನ ಮೇಲೆ ಅದು ಬೀಳ್ಬೇಕು ಅನ್ನೋದು ಕೈಲಿದೆ. 0.15 ಪರ್ಸೆಂಟ್ ಫೀಸಿನ ಫಂಡಲ್ಲಿ ಜಿಎಸ್‌ಟಿ 0.027, ಒಂದು ಲಕ್ಷಕ್ಕೆ ವರ್ಷಕ್ಕೆ 27 ರೂಪಾಯಿ. ಬ್ಯಾಂಕಿನ ಆ ಹುಡುಗ ಹೇಳಿ ಮಾಡಿಸಿದ್ದು, ಬೇಜಾರ್ ಮಾಡ್ಕೊಳ್ತಾನೇನೋ ಅಂತ ಮಾವನಿಗೆ ಅದೊಂದು ಸಂಕೋಚ.

ಸಂಜೆ ಹೊರಡೋ ಹೊತ್ತಿಗೆ ಮಾವ ತಮ್ಮ ಲೆಕ್ಕದ ಪುಸ್ತಕದಲ್ಲಿ, ಸೊಸೈಟಿ ಪಟ್ಟಿ ಬರೆಯೋ ಪುಟದ ಎದುರು ಪುಟದಲ್ಲಿ ಫಂಡಿನ ಹೆಸರು ಬರೆದು ಕೆಳಗೆ ಫೀಸು, ಕಮಿಷನ್ನು, ಜಿಎಸ್‌ಟಿ ಅಂತ ಮೂರು ಗೆರೆ ಹಾಕಿದ್ರು. ಮೂರನೇದರ ಮುಂದೆ 2,977 ಅಂತ ನನ್ನ ಕೈಯಲ್ಲೇ ಬರೆಸಿದ್ರು. ಇದು ನಿನ್ನ ಲೆಕ್ಕ, ಅವರ ಲೆಕ್ಕ ಎಲ್ಲಿ ಅಂತ ಕೇಳಿದ್ರು.

ಅದಕ್ಕೆ ಶಿವಮೊಗ್ಗಕ್ಕೆ ಬಂದ್ಮೇಲೆ ಮಾವನ ಹೆಸರಲ್ಲಿ ಎಎಮ್‌ಸಿಗೆ ಮೇಲ್ ಹಾಕಿದೆ, ಕಳೆದ ವರ್ಷ ಈ ಫೋಲಿಯೋದಿಂದ ಜಿಎಸ್‌ಟಿಗೆ ಅಂತ ಎಷ್ಟು ರೂಪಾಯಿ ಹೋಗಿದೆ ತಿಳಿಸಿ ಅಂತ. ಮೂರು ದಿನಕ್ಕೆ ಮರ್ಯಾದೆಯಾಗೇ ಉತ್ತರ ಬಂತು, ಅದೇ ಟಿಇಆರ್ ಎಕ್ಸೆಲ್ ಶೀಟಿನ ಲಿಂಕು. ಮತ್ತೆ ಬರೆದಿದ್ದೀನಿ, ಈ ಸಲ ವರ್ಷದ್ದು ಬೇಡ, ಜನವರಿ ಒಂದು ತಿಂಗಳದ್ದು ಸಾಕು, ರೂಪಾಯಿಯಲ್ಲಿ ಕೊಡಿ ಅಂತ.